ಬಲದಂಡೆ ಕಡೆಯ ಕೋಣೆ

ಅವನನ್ನು ಕಚೇರಿಯಲ್ಲಿ ಎಲ್ಲರೂ ನೋಡೋಣಪ್ಪ ಅಂತಲೇ ಕರೆಯುತ್ತಿದ್ದರು. ನಗರಸಭೆಯ ಒಳಚರಂಡಿ ವಿಭಾಗದಲ್ಲಿ ದೂರು ಕೇಳಿಸಿಕೊಳ್ಳುವ ಗುಮಾಸ್ತ ಅವನು. ಬಚ್ಚಲು ಕಟ್ಟಿಕೊಂಡಿದೆ ಎಂದು ಬಂದವರಿಗೂ, ಮ್ಯಾನ್‌ಹೋಲಿನ ಮುಚ್ಚಳ ಕಳುವಾಗಿದೆ ಎಂದು ಬಂದವರಿಗೂ, ಆ ಮುಚ್ಚಳವಿಲ್ಲದ ಮ್ಯಾನ್‌ಹೋಲಿಗೆ ಬಿದ್ದು ಎದ್ದು ಅಲ್ಲಿಂದ ನೇರವಾಗಿ ಬಂದವರಿಗೂ ಅವನು ಹೇಳುತ್ತಿದ್ದುದು ಒಂದೇ ಮಾತು: "ನೋಡೋಣ." ಅದರಲ್ಲಿ ಸುಳ್ಳೇನೂ ಇರಲಿಲ್ಲ. ಒಳಚರಂಡಿ ವಿಭಾಗದಲ್ಲಿ ನೋಡುವುದೊಂದನ್ನು ಬಿಟ್ಟರೆ ಬೇರೆ ಏನು ಮಾಡುವುದಕ್ಕೂ ಸಾಮಾನು ಇರಲಿಲ್ಲ.

ಮನೆಯಲ್ಲೂ ಅದೇ ಮಾತು. ಮದುವೆಯಾದ ಹೊಸದರಲ್ಲಿ ಹೆಂಡತಿ ಬೆಟ್ಟಕ್ಕೆ ಹೋಗೋಣ ಅಂದಿದ್ದಳು. ಆಮೇಲೆ ಸಮುದ್ರ ಅಂದಳು. ಹೋಗಲಿ, ಪಕ್ಕದ ಊರಿನ ಮೃಗಾಲಯವಾದರೂ ಆಗಲಿ ಅಂದಳು. ಎಲ್ಲಕ್ಕೂ "ನೋಡೋಣ". ಕೊನೆಗೆ ಕೇಳುವುದನ್ನೇ ಬಿಟ್ಟಳು. ಹೆಂಡತಿಗೆ ತೃಪ್ತಿ ಬಂದಿದೆ ಎಂದು ಅವನು ತಿಳಿದುಕೊಂಡ.

ಹೀಗಿರುವಾಗ ಅತ್ತೆಯ ಮನೆಯಲ್ಲಿ ಒಂದು ಭಾನುವಾರ ಎಲ್ಲರೂ ಊಟಕ್ಕೆ ಸೇರಿದ್ದರು. ಷಡ್ಡಕನೂ ಬಂದಿದ್ದ. ಷಡ್ಡಕ ಅಂದರೆ ಹೆಂಡತಿಯ ಅಕ್ಕನ ಗಂಡ. ಅವನದು ಗಾಜು ಮತ್ತು ಕನ್ನಡಿಯ ಅಂಗಡಿ. ದಿನವಿಡೀ ಕನ್ನಡಿಗಳ ನಡುವೆ ಕೂತಿರುವ ಮನುಷ್ಯನಿಗೆ ತನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಬೆಳೆಯುವುದು ಸಹಜ. ಹಿಮದ ಬೆಟ್ಟಕ್ಕೆ ಹೋಗಿ ಬಂದ ಫೋಟೋಗಳನ್ನು ಅವನು ಫೋನಿನಲ್ಲಿ ಒಂದೊಂದಾಗಿ ಎಲ್ಲರ ಮೂಗಿನ ಕೆಳಗೆ ಹಿಡಿಯುತ್ತಿದ್ದ. ನೋಡೋಣಪ್ಪನ ಹೆಂಡತಿ ಒಂದು ಫೋಟೋವನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ನೋಡಿದಳು. ಅತ್ತೆ ಅದನ್ನು ಕಂಡು ಒಂದು ನಿಟ್ಟುಸಿರು ಬಿಟ್ಟರು. ಅಳಿಯನಿಗೆ ಕೇಳಿಸಲಿ ಎಂದೇ ಬಿಟ್ಟ ನಿಟ್ಟುಸಿರು ಅದು.

"ಏನಪ್ಪಾ, ಈ ಸಲ ನಿಮ್ಮ ಕಾರ್ಯಕ್ರಮ ಏನು?" ಎಂದ ಷಡ್ಡಕ.

ಇಡೀ ಮನೆ "ನೋಡೋಣ" ಎಂಬ ಮಾತಿಗಾಗಿ ಕಾದು ಕೂತಿತು. ಹೆಂಡತಿಯ ಅಕ್ಕ ಮುಂಚಿತವಾಗಿಯೇ ನಗುವುದಕ್ಕೆ ಶುರು ಮಾಡಿದ್ದಳು. ಅವತ್ತು ಬೆಳಿಗ್ಗೆ ಪೇಪರಿನ ಒಳಗಿಂದ ಉದುರಿದ ಒಂದು ಜಾಹೀರಾತು ನೋಡೋಣಪ್ಪನ ತಲೆಯಲ್ಲಿ ಇನ್ನೂ ಇತ್ತು.

"ಹಡಗು," ಎಂದ ಅವನು.

"ಏನು?"

"ನದೀಲಿ ಹಡಗು. ಪರಿಸರ ಸ್ನೇಹಿ. ಹೊಗೆ ಇಲ್ಲ, ಸದ್ದಿಲ್ಲ, ಬರೀ ಬಿಸಿಲಲ್ಲಿ ಓಡುತ್ತೆ. ಜೀಪಲ್ಲಿ ಹೊಗೆ ಕಾರ್ಕೊಂಡು ಬೆಟ್ಟ ಹತ್ತೋದನ್ನ ಈಗ ತಿಳಿದೋರು ಯಾರೂ ಮಾಡಲ್ಲ ಭಾವ."

ಷಡ್ಡಕ ಫೋನನ್ನು ಜೇಬಿಗೆ ಹಾಕಿಕೊಂಡ. ಅದು ಇತಿಹಾಸದಲ್ಲೇ ಮೊದಲು.

ವಾಪಸ್ ಬರುವಾಗ ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು, "ನಿಜಾನಾ ರೀ?" ಎಂದಳು. ಅವನು "ನೋಡೋಣ" ಎನ್ನುವುದಕ್ಕೆ ಬಾಯಿ ತೆರೆದ. ಗಾಜಿನಲ್ಲಿ ಅವಳ ಮುಖ ಕಂಡಿತು. "ನಿಜ," ಎಂದ. ಹೇಳಿದ ಮೇಲೆ ಅವನಿಗೇ ಗಾಬರಿಯಾಯಿತು.

ಪ್ರವಾಸದ ಕಚೇರಿಯಲ್ಲಿದ್ದ ಹೆಂಗಸು ಬಹಳ ಮೃದುವಾಗಿ ಮಾತಾಡುತ್ತಿದ್ದಳು. ಅವಳ ಹಿಂದಿನ ಗೋಡೆಯ ತುಂಬ ನೀಲಿ ನೀರು. ಅವನು ದಿನಾ ನೋಡುವ ನದಿಯೇ ಅದು ಎಂದು ಕೆಳಗೆ ಬರೆದಿರದಿದ್ದರೆ ಅವನು ನಂಬುತ್ತಿರಲಿಲ್ಲ.

"ಮೂರು ಥರ ಹಡಗಿದೆ ಸಾರ್. ಇದು ಡೀಸೆಲ್‌ದು, ಅಗ್ಗ. ಇದು ಅರ್ಧ ಪರಿಸರ ಸ್ನೇಹಿ."

"ಅರ್ಧ ಅಂದ್ರೆ?"

"ಹಗಲು ಸ್ನೇಹಿ ಸಾರ್. ಕತ್ತಲಾದ ಮೇಲೆ ಡೀಸೆಲ್. ಇದು ಪೂರ್ತಿ ಸ್ನೇಹಿ. ಹೋಗೋದು ಹಡಗಲ್ಲಿ, ವಾಪಸ್ ರೈಲಲ್ಲಿ. ಪ್ಲಾಸ್ಟಿಕ್ ಇಲ್ಲ, ಸೋಪಿಲ್ಲ, ಫ್ಯಾನ್ ಇಲ್ಲ."

"ಫ್ಯಾನ್ ಯಾಕಿಲ್ಲ?"

"ಗಾಳಿ ಇರುತ್ತಲ್ಲಾ ಸಾರ್."

ಇರುವುದೆಲ್ಲ ಕಡಿಮೆಯಾಗುತ್ತಾ ಹೋದಂತೆ ದರ ಮಾತ್ರ ಏರುತ್ತಾ ಹೋಗುವುದನ್ನು ನೋಡೋಣಪ್ಪ ಗಮನಿಸಿದ. ಆದರೆ ಅತ್ತೆಯ ಮನೆಯಲ್ಲಿ ಅರ್ಧ ಸ್ನೇಹಿ ಎಂದು ಅವನು ಹೇಳಿರಲಿಲ್ಲ. ಇಲಾಖೆಯ ಮನುಷ್ಯನಾದ್ದರಿಂದ ಒಂದು ಪ್ರಶ್ನೆ ಕೇಳದೆ ಇರುವುದಕ್ಕೆ ಅವನಿಂದ ಆಗಲಿಲ್ಲ. "ಈ ಹಡಗಿನ ಕಕ್ಕಸಿನ ನೀರು ಎಲ್ಲಿಗೆ ಹೋಗುತ್ತೆ?"

ಹೆಂಗಸಿನ ಮುಖ ಅರಳಿತು. "ಅದೇ ಸಾರ್ ನಮ್ಮ ವಿಶೇಷ. ಒಂದು ಹನೀನೂ ನದಿಗೆ ಬಿಡಲ್ಲ. ಎಲ್ಲಾ ಟ್ಯಾಂಕಲ್ಲಿ ತುಂಬ್ಕೊಂಡು ದಡಕ್ಕೆ ತಂದು ನಗರಸಭೆ ಚರಂಡಿಗೆ ಕೊಡ್ತೀವಿ."

ನಗರಸಭೆಯ ಚರಂಡಿ ಎಲ್ಲಿಗೆ ಹೋಗುತ್ತದೆ ಎಂಬುದು ನೋಡೋಣಪ್ಪನಿಗೆ ಗೊತ್ತಿತ್ತು. ಎಡದಂಡೆಯಲ್ಲಿ, ಆನೆ ನುಗ್ಗುವಷ್ಟು ದೊಡ್ಡ ಪೈಪಿನಲ್ಲಿ, ಅದು ನೇರ ನದಿಗೇ ಹೋಗುತ್ತಿತ್ತು. ಅವನು ಕೆಮ್ಮಿ, "ಬಹಳ ಒಳ್ಳೇ ವ್ಯವಸ್ಥೆ," ಎಂದು ಪೂರ್ತಿ ಸ್ನೇಹಿ ಹಡಗಿನ ಮೇಲಿನ ಅಂತಸ್ತಿಗೇ ಮುಂಗಡ ಕೊಟ್ಟು ಬಂದ.

ಸುದ್ದಿ ಬೀದಿಯಲ್ಲಿ ಹರಡಿತು. ತಗ್ಗಿನಲ್ಲಿದ್ದ ಬೀದಿ ಅದು. ಮಳೆಯ ನೀರಿನ ಹಾಗೆ ಸುದ್ದಿಯೂ ಅಲ್ಲಿ ಬೇಗ ನಿಲ್ಲುತ್ತಿತ್ತು. ಎದುರುಮನೆಯ ನಿವೃತ್ತ ಲೆಕ್ಕದ ಮೇಷ್ಟ್ರು ಜನ್ಮದಲ್ಲಿ ದೋಣಿ ಹತ್ತಿದವರಲ್ಲ. ಆದರೂ ಹಡಗಿನಲ್ಲಿ ವಾಂತಿ ಬರದಂತೆ ಮಾಡುವ ಅಭ್ಯಾಸ ಹೇಳಿಕೊಡುತ್ತೇನೆ ಎಂದು ಬಂದು, ಅವನನ್ನು ಕುರ್ಚಿಯಲ್ಲಿ ಕೂರಿಸಿ, ಕುರ್ಚಿಯನ್ನು ಹಿಂದಿನಿಂದ ಅಲ್ಲಾಡಿಸಿದರು. ನೋಡೋಣಪ್ಪನಿಗೆ ವಾಂತಿ ಬಂತು. "ನೋಡಿದ್ರಾ? ಈಗಲೇ ಬಂದೋಯ್ತು. ಇನ್ನು ಅಲ್ಲಿ ಬರಲ್ಲ," ಎಂದರು ಮೇಷ್ಟ್ರು. ಪಕ್ಕದ ಮನೆಯ ಹೊಲಿಗೆಯಮ್ಮ ಬಿಳಿ ಪ್ಯಾಂಟು ಹೊಲಿದುಕೊಟ್ಟಳು. ಹಡಗಿನವರೆಲ್ಲ ಬಿಳಿಯನ್ನೇ ಹಾಕುವುದಂತೆ. ಅದು ಸೊಂಟದಲ್ಲಿ ಸಡಿಲವಾಗಿತ್ತು. "ಗಾಳಿ ತುಂಬ್ಕೊಳುತ್ತೆ, ಬಿದ್ರೆ ತೇಲ್ತೀರಿ," ಎಂದು ಅವಳು ಸಮಾಧಾನ ಹೇಳಿದಳು.

ಹೆಂಡತಿ ಅಕ್ಕನ ಮನೆಯಿಂದ ಸೂಟ್‌ಕೇಸ್ ತಂದು ನಡುಮನೆಯಲ್ಲಿಟ್ಟಳು. ದಿನವೂ ಬಟ್ಟೆ ತುಂಬುವಳು, ತೆಗೆಯುವಳು, ಮತ್ತೆ ತುಂಬುವಳು. ಪಾತ್ರೆ ತೊಳೆಯುವಾಗ ಏನೋ ಗುನುಗುತ್ತಿದ್ದಳು. ಅವಳಿಗೆ ಹಾಡು ಬರುತ್ತದೆ ಎಂಬುದೇ ಅವನಿಗೆ ಮರೆತುಹೋಗಿತ್ತು. ಸುದ್ದಿ ತಿಳಿದ ಷಡ್ಡಕ ತಡೆಯಲಾರದೆ ಅದೇ ಹಡಗಿನಲ್ಲಿ ತಮ್ಮಿಬ್ಬರಿಗೂ ಜಾಗ ಹಿಡಿದ. ಮೇಲಿನ ಅಂತಸ್ತು ಭರ್ತಿಯಾಗಿತ್ತು, ಅವನಿಗೆ ಸಿಕ್ಕಿದ್ದು ಕೆಳಗಿನದು. ನೋಡೋಣಪ್ಪ ಅವತ್ತು ಊಟಕ್ಕೆ ಕೂತವನು ಎರಡನೇ ಸಲ ಬಡಿಸಿಕೊಂಡ.

ಒಂದು ಚಿಂತೆ ಮಾತ್ರ ಉಳಿದಿತ್ತು. ಹೆಂಡತಿ ಹಡಗಿನಲ್ಲಿ ಕೂತು ಕಿಟಕಿ ತೆರೆದಾಗ ಮೊದಲು ಕಾಣುವುದು ತನ್ನ ಇಲಾಖೆಯ ಪೈಪಾಗಬಾರದು. ಹಾಗಾಗಿ ಬಲದಂಡೆ ಕಡೆಯ ಕೋಣೆಯೇ ಬೇಕೆಂದು ಹೇಳುವುದಕ್ಕೆ ಅವನು ಕಚೇರಿಯ ಫೋನಿನಿಂದಲೇ ಪ್ರವಾಸದ ಹೆಂಗಸಿಗೆ ಫೋನ್ ಮಾಡಿದ. ಅದೇ ಹೊತ್ತಿಗೆ ಇಂಜಿನಿಯರ್ ಸಾಹೇಬರು ಬಾಗಿಲ ಹೊರಗೆ ಹಾದುಹೋಗುತ್ತಿದ್ದರು.

"ಎಡದಂಡೆ ವಿಷ್ಯ ನಂಗೆ ಹೇಳಬೇಡಿ," ಎನ್ನುತ್ತಿದ್ದ ನೋಡೋಣಪ್ಪ. "ನಮ್ಮ ದೊಡ್ಡ ಪೈಪು ಇರೋದೇ ಅಲ್ಲಿ. ಇಷ್ಟು ವರ್ಷದಿಂದ ನೋಡ್ತಿದೀನಿ, ನಂಗೆ ಗೊತ್ತಿಲ್ವಾ? ಹಡಗು ಅದರ ಹತ್ರ ನಿಲ್ಲುತ್ತಾ? ... ಹೌದಾ. ಫೋಟೋ ಅಂತೂ ಚೆನ್ನಾಗಿ ಬರಬೇಕು ನೋಡಿ, ಅದೇ ಮುಖ್ಯ."

ಸಾಹೇಬರು ಗೋಡೆ ಹಿಡಿದುಕೊಂಡರು. ಆ ಪೈಪಿಗೂ ನದಿಗೂ ನಡುವೆ ಒಂದು ಶುದ್ಧೀಕರಣ ಘಟಕ ಇರಬೇಕಿತ್ತು. ಅದರ ಉದ್ಘಾಟನೆಯೂ ಆಗಿತ್ತು. ಕಟ್ಟುವುದೊಂದು ಬಾಕಿ ಇತ್ತು.

ಸ್ವಲ್ಪ ಹೊತ್ತಿಗೆ ನೋಡೋಣಪ್ಪನಿಗೆ ಒಳಗಿಂದ ಕರೆ ಬಂತು. ಸಾಹೇಬರು ಎದ್ದು ನಿಂತು, "ಕೂತ್ಕೊಳಿ," ಎಂದರು. ಆ ಕೋಣೆಯಲ್ಲಿ ಅವನು ಎಂದೂ ಕೂತವನಲ್ಲ. ಯಾವ ಕುರ್ಚಿ ಎಂದು ತಿಳಿಯದೆ ಒಂದು ಕ್ಷಣ ಒದ್ದಾಡಿದ.

"ಹಡಗಲ್ಲಿ ಹೋಗ್ತಿದೀರಂತೆ. ಪರಿಸರದೋರ ಹಡಗು."

"ಹೌದು ಸಾರ್. ಪೂರ್ತಿ ಪರಿಸರ."

"ಮೇಲೆ ಮಾತಾಡಿದೀರಾ?"

ಅಂತಸ್ತಿನ ವಿಷಯ ಕೇಳುತ್ತಿದ್ದಾರೆ ಎಂದುಕೊಂಡ ಅವನು. "ಮೇಲೇನೇ ಸಾರ್. ಮೊದಲು ಕೆಳಗೆ ವಿಚಾರಿಸಿದೆ. ಕೆಳಗಿದ್ರೆ ಏನೂ ಕಾಣಲ್ಲ, ಕೈಗೆ ಸಿಗೋದು ಬರೀ ಕೊಳೆ ಅಂದ್ರು. ಅದಕ್ಕೇ ನೇರ ಮೇಲಕ್ಕೇ ಹೋದೆ."

"ಮೇಲಿಂದ ಎಲ್ಲಾ ಕಾಣುತ್ತಾ?" ಸಾಹೇಬರ ದನಿ ಕ್ಷೀಣವಾಗಿತ್ತು.

"ಎಲ್ಲಾ ಕಾಣುತ್ತಂತೆ ಸಾರ್. ಒಂದೂ ತಪ್ಪಲ್ಲ."

"ನಮ್ಮ ನಿಮ್ಮ ಸಂಬಂಧ ಚೆನ್ನಾಗೇ ಇದೆ ಅಲ್ವಾ?"

"ಇದೆ ಸಾರ್. ರಜಾ ಒಂದು ಕೊಟ್ಬಿಟ್ರೆ ಇನ್ನೂ ಚೆನ್ನಾಗಿರುತ್ತೆ."

ರಜಾ ಅಲ್ಲೇ ಮಂಜೂರಾಯಿತು. ಮಾರನೇ ದಿನ ಅವನ ಮೇಜಿಗೆ ಕೈಯಿರುವ ಕುರ್ಚಿ ಬಂತು. ಅದರ ಮಾರನೇ ದಿನ ಫ್ಯಾನ್ ಬಂತು. ಜವಾನ ಕಾಫಿಯನ್ನು ಬಿಸಿಯಿರುವಾಗಲೇ ತಂದುಕೊಟ್ಟ. ಹಡಗಿನಲ್ಲಿ ಹೋಗುವವರಿಗೆ ಸಮಾಜದಲ್ಲಿ ಇಷ್ಟು ಮರ್ಯಾದೆ ಇದೆಯೇ ಎಂದು ನೋಡೋಣಪ್ಪ ಬೆರಗಾದ. ಇಷ್ಟು ವರ್ಷ ಸುಮ್ಮನೆ ನೆಲದ ಮೇಲೆ ಓಡಾಡಿ ಕಾಲ ಕಳೆದೆನಲ್ಲ ಎಂದು ಮರುಗಿದ.

ಸಾಹೇಬರು ಮಾತ್ರ ಬೇರೆ ಕೆಲಸದಲ್ಲಿದ್ದರು. ದೊಡ್ಡ ಪೈಪಿನ ತೂಬಿಗೆ ಒಂದು ಕಬ್ಬಿಣದ ಬಾಗಿಲಿತ್ತು. ತುಕ್ಕು ಹಿಡಿದು ಕೂತಿದ್ದ ಅದನ್ನು ಆಳು ಹಚ್ಚಿ, ಎಣ್ಣೆ ಬಿಟ್ಟು, ಸುತ್ತಿಗೆಯಲ್ಲಿ ಹೊಡೆಸಿ, ಕೊನೆಗೂ ಇಳಿಸಿದರು. ನದಿಗೆ ಹೋಗುವುದು ನಿಂತಿತು. ಸಂತೋಷ ತಡೆಯದೆ "ನದಿ ಶುದ್ಧಿ ಅಭಿಯಾನ" ಎಂದು ಪೇಪರಿನವರಿಗೂ ಹೇಳಿದರು. ಅದನ್ನು ಓದಿದ ಮಂತ್ರಿಗಳು, ಹಡಗು ಹೊರಡುವ ದಿನವೇ ದಡಕ್ಕೆ ಬಂದು ಶುದ್ಧ ನದಿಯನ್ನು ನೋಡುತ್ತೇವೆ ಎಂದರು.

ನದಿಗೆ ಹೋಗದೆ ಇದ್ದದ್ದು ಎಲ್ಲಿಗಾದರೂ ಹೋಗಬೇಕಲ್ಲ. ಅದು ತಗ್ಗು ಹುಡುಕಿಕೊಂಡು ಬಂತು.

ಮೊದಲು ಮೇಷ್ಟ್ರ ಮನೆಯ ಬಚ್ಚಲಲ್ಲಿ ಗುಳುಗುಳು ಸದ್ದಾಯಿತು. ಒಳಗೆ ಯಾರೋ ಮಾತಾಡುತ್ತಿದ್ದಾರೆ ಎಂದು ಅವರು ಕೋಲು ಹಿಡಿದುಕೊಂಡು ಹೋದರು. ಕೋಲು ಅಲ್ಲೇ ಬಿಟ್ಟು ಓಡಿ ಬಂದರು. ಆಮೇಲೆ ಹೊಲಿಗೆಯಮ್ಮನ ಹೊಲಿಗೆ ಯಂತ್ರದ ಕಾಲು ಮುಳುಗಿತು. ಬೀದಿಯ ಮ್ಯಾನ್‌ಹೋಲುಗಳು ಮುಚ್ಚಳ ಎತ್ತಿ ಇಣುಕಿ ನೋಡಿದವು. ಸಂಜೆಯ ಹೊತ್ತಿಗೆ ಇಡೀ ಬೀದಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ನೋಡೋಣಪ್ಪನ ಮೆಟ್ಟಿಲ ಮೇಲೆ ನಿಂತಿತ್ತು.

"ನಿಮ್ಮ ಇಲಾಖೇದು ನಮ್ಮ ಅಡುಗೆಮನೇಲಿದೆ," ಎಂದರು ಮೇಷ್ಟ್ರು.

"ನಾಳೆ ಹೋಗಿ ನೋಡೋಣ..."

"ಹಾಗಂದ್ರೆ ಕಪಾಳಕ್ಕೆ ಬಾರಿಸ್ತೀನಿ!" ಎಂದಳು ಹೊಲಿಗೆಯಮ್ಮ. ಆ ಬಿಳಿ ಪ್ಯಾಂಟನ್ನು ಅವಳೇ ಹೊಲಿದದ್ದು ಎಂದರೆ ಯಾರೂ ನಂಬುತ್ತಿರಲಿಲ್ಲ.

ಅವನ ಮನೆಯೊಳಗೂ ನೀರು ಬಂದಿತ್ತು. ಹೆಂಡತಿ ಸೂಟ್‌ಕೇಸನ್ನು ಎತ್ತಿ ಬೀರುವಿನ ಮೇಲಿಟ್ಟಿದ್ದಳು. ಬೇರೆ ಏನನ್ನೂ ಎತ್ತಿರಲಿಲ್ಲ.

ಬೆಳಿಗ್ಗೆ ಅವನು ಪ್ಯಾಂಟು ಮಡಚಿಕೊಂಡು ಕಚೇರಿಗೆ ಓಡಿದ. ಸಾಹೇಬರು ಕಣ್ಣು ಮಿಟುಕಿಸಿದರು. "ತೂಬು ಹಾಕಿಸಿದೀನಿ. ನಿಮ್ಮ ಹಡಗು ಹೋಗೋ ದಿನ ನದಿ ಫಳಫಳ ಅಂತಿರುತ್ತೆ. ಈಗ ನಿಮ್ಮೋರಿಗೆ ಏನು ಬರ್ಕೊಡ್ತೀರೋ ಬರ್ಕೊಡಿ."

"ಏನು ಬರೀಬೇಕು ಸಾರ್?"

"ವರದಿ! ಪರಿಸರದೋರಿಗೆ. ನೀವು ತಪಾಸಣೆಗೆ ತಾನೇ ಹೋಗ್ತಿರೋದು?"

ನೋಡೋಣಪ್ಪನಿಗೆ ಕುರ್ಚಿ, ಫ್ಯಾನು, ಬಿಸಿ ಕಾಫಿ ಎಲ್ಲವೂ ಒಟ್ಟಿಗೆ ಅರ್ಥವಾದವು. ಆ ಗಳಿಗೆಯಲ್ಲಿ ಸುಮ್ಮನೆ ಹೂಂ ಎಂದಿದ್ದರೆ ಅವನು ಹಡಗಿನಲ್ಲಿರುತ್ತಿದ್ದ, ಬಹುಶಃ ಬಡ್ತಿಯೂ ಸಿಗುತ್ತಿತ್ತು. ಆದರೆ ಮೂಗಿನಲ್ಲಿ ಬೀದಿಯ ವಾಸನೆ ಇನ್ನೂ ಇತ್ತು. ಬದುಕಿನಲ್ಲಿ ಒಂದೇ ಸಲ ಸತ್ಯ ಹೇಳಬೇಕೆನಿಸಿತು. ಅಂಥದ್ದು ಮನುಷ್ಯನಿಗೆ ತೋಚುವುದು ಸಾಮಾನ್ಯವಾಗಿ ತಪ್ಪು ಹೊತ್ತಿನಲ್ಲೇ.

"ನಾನು ಬರೀ ಹೆಂಡತೀನ ಕರ್ಕೊಂಡು ನದಿ ನೋಡೋಕೆ ಹೋಗ್ತಿರೋದು ಸಾರ್. ಮೇಲೆ ಅಂದ್ರೆ ಮೇಲಿನ ಅಂತಸ್ತು. ದಯವಿಟ್ಟು ತೂಬು ತೆಗೆಸಿ. ಜನ ಮನೇಲಿ ಇರೋ ಹಾಗಿಲ್ಲ."

ಸಾಹೇಬರ ಮುಖದಲ್ಲಿ ಮೊದಲು ನೆಮ್ಮದಿ ಬಂತು. ಅದರ ಹಿಂದೆಯೇ, ಈ ನರಪೇತಲನಿಗೆ ಹೆದರಿ ಎದ್ದು ನಿಂತಿದ್ದೆನಲ್ಲ ಎಂಬ ಸಿಟ್ಟು ಬಂತು.

"ತೆಗೆಯೋ ಹಾಗಿಲ್ಲ. ಮಂತ್ರಿಗಳು ಬರ್ತಿದಾರೆ. ನಿನ್ನ ರಜಾ ರದ್ದು. ಬೀದೀಲಿ ಕೊಳಚೆ ನಿಂತಿರೋವಾಗ ದೂರು ವಿಭಾಗದೋನು ಹಡಗಲ್ಲಿ ತೇಲೋದು ಅಂದ್ರೇನು? ನಾಚಿಕೆ ಆಗಲ್ವಾ?"

ಅವನು ತನ್ನ ಮೇಜಿಗೆ ವಾಪಸ್ ಬರುವಷ್ಟರಲ್ಲಿ ಫ್ಯಾನ್ ಹೋಗಿತ್ತು. ಕುರ್ಚಿಯನ್ನು ಜವಾನ ಎತ್ತಿಕೊಂಡು ಹೋಗುತ್ತಿದ್ದ.

ಮನೆಗೆ ಹೋಗುವ ದಾರಿಯುದ್ದಕ್ಕೂ ಹೆಂಡತಿಗೆ ಹೇಳುವ ಸಮಾಧಾನದ ಮಾತುಗಳನ್ನು ಜೋಡಿಸಿಕೊಂಡ. ಅವಳು ಅಳುತ್ತಾಳೆ, ನೀವಿಲ್ಲದೆ ನಾನೂ ಹೋಗುವುದಿಲ್ಲ ಅನ್ನುತ್ತಾಳೆ, ಆಗ ತಾನು ಅವಳ ಕೈಹಿಡಿದು, ಮುಂದಿನ ವರ್ಷ ಖಂಡಿತ ಎನ್ನಬೇಕು. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಅಳಲಿಲ್ಲ.

"ನಿಮ್ಮ ಜಾಗ ಖಾಲಿ ಹೋಗುತ್ತೆ ಅಂತೀರಾ?"

"ಟಿಕೆಟ್ ವಾಪಸ್ ತಗೊಳಲ್ಲ ಅಂದ್ರು. ಆದ್ರೂ ನೀನು ಒಬ್ಬಳೇ..."

"ಒಬ್ಬಳೇ ಯಾಕೆ? ಅಕ್ಕನ್ನ ಮೇಲಕ್ಕೆ ಕರ್ಕೋತೀನಿ. ಪಾಪ, ಕೆಳಗಡೆ ಅವಳಿಗೆ ಉಸಿರು ಕಟ್ಟುತ್ತೆ. ಭಾವ ಬೇಕಾದ್ರೆ ಅಲ್ಲೇ ಇರಲಿ."

ಅವಳು ಸ್ಟೂಲು ಹತ್ತಿ ಸೂಟ್‌ಕೇಸ್ ಇಳಿಸಿದಳು. ತೆರೆದು, ಅವನ ಬಿಳಿ ಪ್ಯಾಂಟನ್ನು ತೆಗೆದು ನೀಟಾಗಿ ಮಡಚಿ ಹಾಸಿಗೆಯ ಮೇಲಿಟ್ಟು, ಆ ಜಾಗಕ್ಕೆ ತನ್ನದೊಂದು ಸೀರೆ ಇಟ್ಟಳು.

ಹಡಗು ಹೊರಡುವ ದಿನ ಸಾಹೇಬರು ನೋಡೋಣಪ್ಪನನ್ನು ಎಡದಂಡೆಗೆ ಹಾಕಿದರು. ಸಿಟ್ಟಿಗೆದ್ದ ಜನ ತೂಬಿನ ಬಾಗಿಲನ್ನು ಒಡೆದುಬಿಟ್ಟಾರು, ಕಾಯಬೇಕು ಎಂದು ಆಜ್ಞೆ. ಜನ ಎಂದರೆ ಅವನ ಬೀದಿಯವರೇ. ಹಾರೆ ಹಿಡಿದ ಮೇಷ್ಟ್ರು ಮುಂದೆ, ಹೊಲಿಗೆಯಮ್ಮ ಅವರ ಪಕ್ಕದಲ್ಲಿ. ಅವನು ಬಾಗಿಲಿಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ ನಿಂತಿದ್ದ. ಬೆನ್ನ ಹಿಂದೆ ಊರಿನ ಕೊಳಚೆಯೆಲ್ಲ ಗುದ್ದುತ್ತಿತ್ತು. ಎದುರಿಗೆ ಊರಿನವರು.

"ಸರೀರಿ ಅಂತೀನಿ. ನಿಮ್ಮನ್ನ ಹೊಡೆಯೋ ಆಸೆ ನಂಗಿಲ್ಲ," ಎಂದರು ಮೇಷ್ಟ್ರು.

"ನಂದು ಕೆಲಸ ಹೋಗುತ್ತೆ ಮೇಷ್ಟ್ರೇ. ಮಂತ್ರಿಗಳು ಹೋಗೋವರೆಗೂ ತಡ್ಕೊಳಿ, ಕೈ ಮುಗೀತೀನಿ."

"ಕೈ ಮುಗಿಯೋಕೆ ಕೈ ಇಳಿಸಿ ಮತ್ತೆ, ಬಾಗಿಲು ಬಿಡಿ!"

ಈ ಗಲಾಟೆಯಲ್ಲಿ ಹಡಗು ಬಂದದ್ದು ಯಾರಿಗೂ ತಿಳಿಯಲಿಲ್ಲ. ಅದಕ್ಕೆ ಸದ್ದೇ ಇರಲಿಲ್ಲ; ಕಂಪನಿಯವರು ಅದೊಂದು ಮಾತಿನಲ್ಲಿ ಸುಳ್ಳು ಹೇಳಿರಲಿಲ್ಲ. ನೋಡೋಣಪ್ಪ ತಲೆ ಎತ್ತುವಾಗ ಬೆಳ್ಳಗಿನ ಹಡಗು ಎದುರಿಗೇ ಇತ್ತು. ಮೇಲಿನ ಅಂತಸ್ತಿನಲ್ಲಿ ಅವನ ಹೆಂಡತಿ ಕಂಬಿ ಹಿಡಿದು ನಿಂತಿದ್ದಳು, ಅವನೇ ಆರಿಸಿದ ಬಲದಂಡೆಯ ಕಡೆಗೆ ಮುಖ ಮಾಡಿಕೊಂಡು. ಗಾಳಿಗೆ ಸೆರಗು ಹಾರುತ್ತಿತ್ತು. ಅಕ್ಕ ಏನೋ ಹೇಳಿದಳು, ಅವಳು ಬಾಯ್ತುಂಬ ನಕ್ಕಳು.

ಅವನು ಕೂಗಿದ. ಒಂದು ಕೈ ಎತ್ತಿ ಬೀಸಿದ. ಅವಳು ತಿರುಗಲಿಲ್ಲ. ತಿರುಗಿದ್ದು ಕೆಳಗಿನ ಅಂತಸ್ತಿನ ಕಿಟಕಿಯಲ್ಲಿ ಒಬ್ಬನೇ ಕೂತಿದ್ದ ಷಡ್ಡಕ. ಅವನು ಇತ್ತ ನೋಡಿ, ಮೂಗು ಮುಚ್ಚಿಕೊಂಡು, ಫೋನಿನಲ್ಲಿ ಒಂದು ಫೋಟೋ ತೆಗೆದ.

ಕೈ ಎತ್ತಿದ್ದರಿಂದ ಜಾಗ ಸಿಕ್ಕಿತು. ಮೇಷ್ಟ್ರು ಹಾರೆ ತೂರಿಸಿದರು. ಆದರೆ ಬಾಗಿಲು ತುಕ್ಕು ಹಿಡಿದದ್ದು, ಜಗ್ಗಲಿಲ್ಲ; ಹಾರೆಯೇ ಬಗ್ಗಿತು. ಎದುರು ದಡದಲ್ಲಿ ಮಂತ್ರಿಗಳು ನದಿಯ ನೀರನ್ನು ಬೊಗಸೆಯಲ್ಲಿ ಎತ್ತಿ ಫೋಟೋದವರಿಗೆ ತೋರಿಸಿದರು. ಕುಡಿಯಲಿಲ್ಲ. ಅವರ ಕಾರು ಹೋದ ಮೇಲೆ ಸಾಹೇಬರ ಆಳುಗಳು ಬಂದು ತೂಬನ್ನು ಎತ್ತಿದರು. ಇಷ್ಟು ದಿನದ್ದೆಲ್ಲ ಒಂದೇ ಸಲ ನದಿಗೆ ನುಗ್ಗಿತು. ಬೀದಿಯ ನೀರು ಇಳಿಯಿತು. ಬೀದಿಯವರು ಸಾಹೇಬರಿಗೆ ಹಾರ ಹಾಕಿ ಕೃತಜ್ಞತೆ ಹೇಳಿದರು. ನೋಡೋಣಪ್ಪನ ಜೊತೆ ಮಾತು ಬಿಟ್ಟರು.

ಹೆಂಡತಿ ರೈಲಿಳಿದು ಬಂದಾಗ ಅವನು ನಡುಮನೆಯ ನೆಲ ಉಜ್ಜುತ್ತಿದ್ದ. ಎಷ್ಟು ಉಜ್ಜಿದರೂ ಗೋಡೆಯ ಬುಡದಲ್ಲಿ ಒಂದು ಕಪ್ಪು ಗೆರೆ ಹಾಗೇ ಉಳಿದಿತ್ತು. ಅವಳು ಬಿಸಿಲಿಗೆ ಕಂದಿದ್ದಳು. ವಯಸ್ಸು ಇಳಿದ ಹಾಗೆ ಕಂಡಳು. ಬಂದವಳೇ ಕುರ್ಚಿಯಲ್ಲಿ ಕೂತು ಹೇಳುವುದಕ್ಕೆ ಶುರು ಮಾಡಿದಳು. ನೀರಿನ ಅಡಿಯಲ್ಲಿ ಮೀನು ಕಾಣುತ್ತಿದ್ದದ್ದು, ಬೆಳಿಗ್ಗೆ ಮಂಜಿನಲ್ಲಿ ಬೆಟ್ಟವೇ ಮಾಯವಾದದ್ದು, ಅಕ್ಕನೂ ತಾನೂ ಚಿಕ್ಕವರಿದ್ದಾಗಿನ ಹಾಡುಗಳನ್ನೆಲ್ಲ ಹಾಡಿದ್ದು. ಮಧ್ಯದಲ್ಲಿ ಏನೋ ನೆನಪಾಗಿ ಒಬ್ಬಳೇ ನಕ್ಕಳು. ಏನೆಂದು ಹೇಳಲಿಲ್ಲ.

"ಮುಂದಿನ ವರ್ಷ ಸಮುದ್ರ ಅಂತ ಮಾತಾಡ್ಕೊಂಡಿದೀವಿ," ಎಂದಳು. "ನಾನೂ ಅಕ್ಕಾನೂ."

ಅವನು ಬಟ್ಟೆ ಹಿಂಡುತ್ತಾ, "ನಾನು?" ಎಂದ.

ಅವಳು ಅವನನ್ನು ನೋಡಿದಳು. ಆ ನೋಟದಲ್ಲಿ ಕುಹಕ ಇರಲಿಲ್ಲ, ಸಿಟ್ಟೂ ಇರಲಿಲ್ಲ. ನಿಜವಾದ ಆಶ್ಚರ್ಯ ಇತ್ತು.

"ನೀವು ಭಾವನ ಮುಂದೆ ತಲೆ ತಗ್ಗಿಸಬಾರದು ಅಂತ ಹೊರಟಿದ್ದು ಅಂದ್ಕೊಂಡಿದ್ದೆ ಕಣ್ರೀ. ನಿಮಗೆ ನನ್ನ ಜೊತೆ ಬರೋಕೆ ಆಸೆ ಇತ್ತಾ?"

ಹೌದು ಅಂದರೆ ಅವಳು ನಂಬುತ್ತಾಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಬಕೆಟ್ಟನ್ನು ಕುರ್ಚಿಯ ಹತ್ತಿರ ಎಳೆದುಕೊಂಡ.

"ಕಾಲು ಎತ್ತು," ಎಂದ. "ಅಲ್ಲಿ ಒರೆಸಬೇಕು."